ಬೀಳುವ ಹಾಗೆ ಕಟ್ಟಿದ ಗೋಡೆ

ಇಂಗ್ಲೆಂಡಿನ ವಿಲ್ಟ್‌ಶೈರಿನಲ್ಲಿ ಹಳೆಯ ದೊರೆಬಂಗಲೆಯೊಂದರ ತೋಟ ಸುತ್ತಿ ಬಂದು, ಅಲ್ಲೇ ಚಹಾಕ್ಕೆ ಸಾಲಿನಲ್ಲಿ ನಿಂತಿದ್ದೆ. ನನ್ನ ಮುಂದೆ ವಯಸ್ಸಾದ ಗಂಡಹೆಂಡತಿ ಇದ್ದರು. ಕಿಟಕಿಯಾಚೆ, ಕೆರೆಯ ದಡದಲ್ಲಿ ಪಾಳುಕೋಟೆ ಕಾಣುತ್ತಿತ್ತು. ಹಿಂದಿನ ದೊರೆಯೊಬ್ಬ ಚೆಂದಕ್ಕೆಂದು ಪಾಳಾಗಿಯೇ ಕಟ್ಟಿಸಿದ್ದು ಅದು.

"ನೋಡೇ ಬೆರಿಲ್, ಒಂದು ಚಳಿಗಾಲ ಪೂರ್ತಿ ಅದರ ರಿಪೇರಿ ಮಾಡಿದ್ದೀನಿ. ನಾನು ಕಟ್ಟಿದ್ದು ಯಾವುದು, ಹೇಳು" ಅಂದ ಗಂಡ.

"ಹೇಳಿಬಿಟ್ರೆ?"

"ನಾನು ಸೋತ ಹಾಗೆ. ಹೊಸ ಕೆಲಸ ಅಂತ ಗೊತ್ತಾಗಬಾರದು. ಇವತ್ತಿನವರೆಗೆ ಒಬ್ಬರೂ ಕಂಡುಹಿಡಿದಿಲ್ಲ."

"ಆ ಮುರಿದ ಕಮಾನು?"

"ಅದು ಮೊದಲಿಂದಲೂ ಹಾಗೇ."

"ಬಳ್ಳಿ ಹಬ್ಬಿರೋ ಗೋಡೆ?"

"ಅದೂ ಅಲ್ಲ."

ಅಷ್ಟರಲ್ಲಿ ನನ್ನ ಹಿಂದಿದ್ದ ಹೆಂಗಸು ಗೆಳತಿಗೆ, "ಟಿಕೆಟಿಗೆ ಇಷ್ಟೊಂದು ತಗೋತಾರೆ, ಆ ಗೋಡೆ ಒಂದು ಸರಿ ಮಾಡಿಸಬಾರದಾ? ಯಾರ ತಲೆ ಮೇಲಾದ್ರೂ ಬಿದ್ದೀತು" ಅಂದಳು.

"ಕೇಳಿಸ್ತಾ?" ಗಂಡನ ಮುಖ ಅರಳಿತು.

"ಕೇಳಿಸ್ತು." ಬೆರಿಲ್ ಕನ್ನಡಕ ಒರೆಸಿ ಮತ್ತೆ ಹಾಕಿಕೊಂಡಳು. "ಎಡಗಡೆ ಗೋಪುರ. ಮೇಲಿನ ಮೂರು ಸಾಲು ಕಲ್ಲು."

ಅವನು ಕಿಟಕಿಯತ್ತ ಬಗ್ಗಿ ಗೋಪುರ ನೋಡಿದ.

"ಹೇಗೆ ಗೊತ್ತಾಯ್ತು?"

"ಕಲ್ಲೇನೋ ಈಗಲೋ ಆಗಲೋ ಉದುರೋ ಹಾಗೇ ಇದೆ ಡೆರೆಕ್. ಸಾಲು ಮಾತ್ರ ದಾರ ಹಿಡಿದು ಕಟ್ಟಿದಷ್ಟು ನೇರ. ಹೋದ ಮನೇಲೆಲ್ಲ ಗೋಡೆ ಮೇಲಿನ ಪಟ ನೆಟ್ಟಗೆ ಮಾಡಿ ಬರೋನು ನೀನು. ನಿನ್ನ ಕೈಯಲ್ಲಿ ಸೊಟ್ಟಗೆ ಕಟ್ಟೋಕಾಗುತ್ತಾ?"

"ಬೇರೆಯವರಿಗೂ ಕಾಣುತ್ತಾ?"

"ಅವರ್ಯಾರೂ ನಿನ್ನ ಜೊತೆ ನಲವತ್ತು ವರ್ಷ ಸಂಸಾರ ಮಾಡಿಲ್ಲ ಬಿಡು."

ಚಹಾ ಬಂತು. ಡೆರೆಕ್ ತಟ್ಟೆ ಎತ್ತಿಕೊಂಡ. ಇಬ್ಬರೂ ಕಿಟಕಿ ಪಕ್ಕದ ಮೇಜಿಗೇ ಹೋದರು.