ಹೆಸರಿಗೆ ಓಗೊಟ್ಟ ಕೂಸು

ನಡುಚಳಿಗಾಲದಲ್ಲಿ ಮಳೆ ಬಿದ್ದರೆ ಭೂಮಿಯ ಉತ್ತರ ತುದಿಯ ತಾನಾ ಹೊಳೆಯ ದಂಡೆಯವರ ಬಾಯಲ್ಲಿ ಬೈಗುಳ ಬಿಟ್ಟು ಬೇರೆ ಮಾತು ಬರುವುದಿಲ್ಲ. ಹಿಮದ ಮೇಲೆ ನೀರು ನಿಂತು ಗಾಜಾಗುತ್ತದೆ, ಹಕ್ಕಿ ಹಿಡಿಯುವ ಉರುಲುಗಳು ಹೆಪ್ಪುಗಟ್ಟಿ ಸೆಟೆದುಕೊಳ್ಳುತ್ತವೆ, ಗೌಜಲಹಕ್ಕಿಗಳು ಪಕ್ಕದಲ್ಲೇ ನಡೆದುಹೋದರೂ ಒಂದೂ ಬೀಳುವುದಿಲ್ಲ. ಅಂಥದೊಂದು ಮಧ್ಯಾಹ್ನ, ಸೂರ್ಯನ ಮುಖ ನೋಡಿ ತಿಂಗಳಾಗಿದ್ದ ದಿನಗಳಲ್ಲಿ, ಅಕ್ಕಪಕ್ಕದ ಹೆಂಗಸರು ರಿಸ್ಟೆನಜ್ಜಿಯ ಮಣ್ಣುಗುಡಿಸಲಿನಲ್ಲಿ ಬೆಂಕಿಯ ಸುತ್ತ ಕೂತು ಹಿಂದಿನ ದಿನ ಸಿಕ್ಕ ಹಕ್ಕಿಗಳ ಬಿಳಿ ಪುಕ್ಕ ಕೀಳುತ್ತಿದ್ದರು. ಮಡಕೆಯಲ್ಲಿ ನಾಲ್ಕು ಹಕ್ಕಿ ಬೇಯುತ್ತಿದ್ದವು. ಅವರಲ್ಲಿ ಮಾರ್ಯಾ ಒಬ್ಬಳೇ ಹೊರಗಿನವಳು. ಕಡಲ ಕಡೆಯ ಊರಿನಿಂದ ಹೋದ ವರ್ಷ ಮದುವೆಯಾಗಿ ಬಂದವಳು, ಈಗ ಏಳು ತಿಂಗಳ ಬಸುರಿ.

"ಅಜ್ಜಿ, ಒಂದು ಮಾತು ಕೇಳ್ಲಾ? ಹುಟ್ಟೋದು ಗಂಡಾದ್ರೆ ನಮ್ಮಪ್ಪನ ಹೆಸರು, ಒವ್ಲಾ ಅಂತ ಇಡೋಣ ಅಂದೆ. ಅತ್ತೆ ನನ್ನ ಬಾಯಿ ಮುಚ್ಚೋಕೇ ಬಂದ್ರು. ನಮ್ಮೂರಲ್ಲಿ ಮನೆಗೊಬ್ಬ ಒವ್ಲಾ ಇದಾನೆ, ಇಲ್ಲಿ ಒಬ್ಬನೂ ಇಲ್ಲ. ಯಾಕೆ?"

ಉಳಿದವರ ಕೈಗಳು ನಿಂತವು. ಅಜ್ಜಿ ಮಾತ್ರ ತನ್ನ ಮಡಿಲಿನ ಹಕ್ಕಿಯನ್ನು ಮಗುಚಿ ಹಾಕಿಕೊಂಡು ನಕ್ಕಳು.

"ಕೇಳಿದ್ಯಲ್ಲ, ಇನ್ನು ಕೇಳಿಸ್ಕೋ. ಕೈ ಮಾತ್ರ ನಿಲ್ಲಿಸ್ಬೇಡ. ಎದೆ ಹತ್ರ ತೊಗಲು ಹರೀತೋ, ಆ ಹಕ್ಕೀನ ನಿನ್ನ ತಲೆ ಮೇಲೇ ಬಡೀತೀನಿ.

"ಹೊಳೆ ತಿರುವಲ್ಲಿ ಈಗ ಬರೀ ದಿಬ್ಬ ಇದೆಯಲ್ಲ, ಅಲ್ಲಿ ಸಿಗ್ಗಾ ಅನ್ನೋ ವಿಧವೆ ಮನೆ ಇತ್ತು. ಅವಳಿಗೆ ಒಬ್ಬನೇ ಮಗ, ಒವ್ಲಾ. ಮನೇಲಿ ಒಬ್ಳು ಕೆಲಸದ ಹುಡುಗಿ, ಹಿಂದೂ ಇಲ್ಲ ಮುಂದೂ ಇಲ್ಲದೋಳು. ಕುದುರೆ ಬಾಲದ ಕೂದ್ಲು ಹೊಸೆದು ಉರುಲು ಮಾಡೋಳು ಅವಳೇ, ಬರ್ಚ್ ಮರದ ಕಡ್ಡಿ ನೆಟ್ಟು ಬೇಲಿ ಕಟ್ಟಿ, ಕಂಡಿಗೊಂದು ಉರುಲು ಇಳಿಬಿಡೋಳು ಅವಳೇ, ಬಿದ್ದ ಹಕ್ಕಿ ತಂದು ಸುಲಿದು ಬೇಯ್ಸೋಳೂ ಅವಳೇ... ಬಡಿಸೋವಾಗ ಎದೆ ಮಾಂಸ ಒವ್ಲಾಗೆ, ತೊಡೆ ಸಿಗ್ಗಾಗೆ, ಅವಳಿಗೆ ಕತ್ತು. ಗೌಜಲಕ್ಕಿ ಕತ್ತಲ್ಲಿ ತಿನ್ನೋಕೆ ಏನಿರುತ್ತೆ ಹೇಳ್ರೇ? ಹೊಟ್ಟೆಗಿಲ್ದೋಳಿಗೆ ಒವ್ಲಾ ಹೊಟ್ಟೆ ತುಂಬ ಕೊಟ್ಟಿದ್ದು ಒಂದೇ ಸಲ. ಒಂಬತ್ತು ತಿಂಗಳು ಹೊತ್ಲು.

"ಕೊಟ್ಟಿಗೇಲಿ ಹೆತ್ಲು. ಗಂಡು. ಚೆನ್ನಾಗಿ ಅತ್ತಿತು ಕಣ್ರೇ, ಗಟ್ಟಿ ದನಿ. ಸಿಗ್ಗಾ ಬಂದು ನಿಂತು ನೋಡಿದ್ಲು. 'ಇದರ ಗಲಾಟೆಗೆ ಹಸು ಹಾಲು ಇಳಿಸಲ್ಲ' ಅಂದ್ಲು. ಮೀನಿನ ಬುಟ್ಟೀಲಿ ಹಾಕ್ಕೊಂಡು ಹಿಮದಲ್ಲಿ ಬೇಲಿ ಕಡೆ ಹೊರಟ್ಲು, ಒಂದು ಚಿಂದಿ ಬಟ್ಟೆನೂ ಸುತ್ತಲಿಲ್ಲ. ಬರಿ ಬುಟ್ಟಿ ವಾಪಸ್ ತಂದ್ಲು. ಹುಡುಗಿ ಒವ್ಲಾನ ಕಾಲು ಹಿಡ್ಕೊಂಡು ಅತ್ಲು, ಹೋಗಿ ತಾರೋ, ಇನ್ನೂ ಜೀವ ಇರುತ್ತೆ ಅಂತ. ಅವನು ಹಿಮದಲ್ಲಿ ಓಡಾಡೋಕೆ ಕಾಲಿಗೆ ಕಟ್ಟೋ ಜಾರುಹಲಗೆಗೆ ಕೊಬ್ಬು ಸವರ್ತಾ ಕೂತಿದ್ದ. 'ಅಮ್ಮ ಮಾಡಿದ್ಮೇಲೆ ಮುಗೀತು ಬಿಡು' ಅಂದ. ತಲೆ ಕೂಡ ಎತ್ತಲಿಲ್ಲ.

"ಮೂರನೇ ದಿನ ಅವಳು ಉರುಲು ನೋಡೋಕೆ ಹೋದಾಗ ಬೇಲಿ ಹತ್ರ ಅಳು ಕೇಳಿಸ್ತು. ಹೆಸರಿಡದೆ ಸತ್ತ ಕೂಸು ಅಳುತ್ತೆ, ಅದು ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ಯಾರಿಗೆ ಕೇಳಿಸುತ್ತೋ ಅವರು ಒಂದಿಷ್ಟು ನೀರು ಚಿಮುಕಿಸಿ, ಪಾದ್ರಿ ಹೇಳೋ ಮಾತು ಹೇಳಿ, ತೀರಿಹೋದೋರ ಹೆಸರೊಂದನ್ನ ಕೊಟ್ಬಿಟ್ರೆ ಮುಗೀತು, ಸುಮ್ನಾಗುತ್ತೆ. ಆದ್ರೆ ಬದುಕಿರೋರ ಹೆಸರು ಮಾತ್ರ ಕೊಡಬಾರದು... ಕರೆದಾಗ ಯಾರು ಬರ್ತಾರೆ ಅಂತ ಹೇಳೋಕಾಗಲ್ಲ.

"ಅವಳು ಓಡಿಬಂದು ಸಿಗ್ಗಾಗೆ ಹೇಳಿದ್ಲು, ನಮ್ಮಪ್ಪನ ಹೆಸರು ಇಟ್ಟು ಬರ್ತೀನಿ ಅಂತ. ಸಿಗ್ಗಾ ತಾನೇ ಹೋಗಿ ನೋಡಿದ್ಲು. ನೋಡಿದ್ಲು ಅಂದ್ರೆ ಏನು ನೋಡಿದ್ಲು ಗೊತ್ತಾ? ಉರುಲು ನೋಡಿದ್ಲು! ದಿನಾ ಐದೋ ಆರೋ ಬೀಳ್ತಿದ್ದ ಬೇಲೀಲಿ ಅವತ್ತು ಮೂವತ್ತು ಹಕ್ಕಿ ನೇತಾಡ್ತಿದ್ವು. ಹುಂಜಗಳು ಆ ಅಳು ಕೇಳಿ ಇನ್ನೊಂದು ಹುಂಜ ಕೂಗ್ತಿದೆ ಅಂದ್ಕೊಂಡು ಜಗಳಕ್ಕೆ ಬಂದಿದ್ವು, ಅವುಗಳ ಹಿಂದೆ ಹೇಟೆಗಳು. 'ಹೆಸರಿಟ್ಟೆ ಅಂದ್ರೆ ನಿನ್ನನ್ನೂ ಅದರ ಪಕ್ಕ ಮಲಗಿಸ್ತೀನಿ' ಅಂದ್ಲು ಸಿಗ್ಗಾ. 'ಅಳ್ಲಿ ಬಿಡು. ಹುಟ್ಟಿದ್ದಕ್ಕೆ ಒಂದು ಉಪಯೋಗ ಆಯ್ತಲ್ಲ.'

"ಎಂಥ ಬಾಯಿ ನೋಡ್ರೇ ಅದು! ಅಜ್ಜಿ ಅನ್ನಿಸ್ಕೋಬೇಕಾದೋಳ ಬಾಯಿ!

"ಆ ಚಳಿಗಾಲ ಎಲ್ಲಾ ಹಂಗೇ ನಡೀತು. ಕೂಸು ಅಳೋದು, ಹಕ್ಕಿ ಬೀಳೋದು. ತಾಯಿ ಆದೋಳು ಆ ಅಳು ಕೇಳ್ತಾ ಕೇಳ್ತಾ ಮಂಡಿ ಊರಿ ಉರುಲು ಬಿಚ್ಚಬೇಕು, ಮನೆಗೆ ಬಂದು ಉಪ್ಪು ಹಾಕಿ ಬೇಯ್ಸಬೇಕು, ಒಂದು ಹಿಡಿ ಹಿಟ್ಟು ಕದಡಿ ಸಾರು ಗಟ್ಟಿ ಮಾಡ್ಬೇಕು. ಮೇಲೆ ತೇಲೋ ಎಣ್ಣೆ ನೋಡಿ ಒವ್ಲಾ ತುಟಿ ಸವರ್ಕೊಳ್ಳೋನು. ಎದೇಲಿ ಹಾಲು ಕಟ್ಟಿ ಅವಳಿಗೆ ಜ್ವರ. ಅಳು ಕೇಳಿದಾಗೆಲ್ಲ ಅಂಗಿ ನೆನೀತಿತ್ತು. ಸಿಗ್ಗಾ ಅದನ್ನ ನೋಡಿ ನಗೋಳು.

"ಒಂದಿನ ತಡೀಲಿಲ್ಲ. ಆಗಿದ್ದಾಗಲಿ ಅಂತ ಬೇಲಿ ಹತ್ರ ಕೂತು, ಬಾಯಲ್ಲಿ ಹಿಮ ಕರಗಿಸಿ ಅಂಗೈಗೆ ಬಿಟ್ಕೊಂಡ್ಲು. ಅಪ್ಪನ ಹೆಸರೇ ಹೇಳ್ಬೇಕು ಅಂತ ಬಾಯಿ ತೆಗೆದ್ಲು. ಅಷ್ಟರಲ್ಲಿ ಗುಡ್ಡದ ಮೇಲಿಂದ ಒವ್ಲಾ ಜಾರುಹಲಗೆ ಮೇಲೆ ಇಳೀತಾ ಕೂಗಿದ, 'ಏಯ್, ನಮ್ಮ ಸಣ್ಣ ಬೇಟೆಗಾರ ಇವತ್ತು ಎಷ್ಟು ಹೊಡೆದ?'

"ಹಂಗಂದು ನಕ್ಕ. ಅವನ ಮಗನೇ ಅದು! ಹುಡುಗಿಗೆ ಕಾಲಿಂದ ತಲೆವರೆಗೂ ಉರಿ ಹತ್ತಿತು. ನೀರು ಚಿಮುಕಿಸಿ, ಮೆಲ್ಲಗೆ ಅಂದ್ಲು, ತಂದೆ ಮಗ ಪವಿತ್ರಾತ್ಮನ ಹೆಸರಲ್ಲಿ ನೀನು ಒವ್ಲಾ... ಅಳು ಟಕ್ ಅಂತ ನಿಂತೋಯ್ತು.

"ಮಾರನೇ ದಿನದಿಂದ ಬೇಲೀಲಿ ಒಂದು ಪುಕ್ಕನೂ ಇಲ್ಲ. ಸಿಗ್ಗಾಗೆ ಗೊತ್ತಾಗದೇ ಇರುತ್ತಾ? ಸೌದೆ ತಗೊಂಡು ಹೊಡೆದ್ಲು, ಬೆನ್ನು ಬಾತುಹೋಗೋ ಹಾಗೆ. 'ಯಾವ ಹೆಸರಿಟ್ಟೆ? ಬೊಗಳೇ!' ಹುಡುಗಿ ಏನಂದ್ಲು? 'ನಮ್ಮಪ್ಪಂದು' ಅಂದ್ಲು."

ಅಜ್ಜಿ ಎದ್ದು ಮಡಕೆಯ ನೊರೆ ತೆಗೆದಳು. ಮಾರ್ಯಾಳ ಕೈಯಲ್ಲಿದ್ದ ಹಕ್ಕಿ ಅರ್ಧಕ್ಕೇ ನಿಂತಿತ್ತು. ಈ ಸಲ ಅಜ್ಜಿ ಬೈಯಲಿಲ್ಲ.

"ಹತ್ರ ಹಕ್ಕಿ ಇಲ್ಲ ಅಂದ್ಮೇಲೆ ಒವ್ಲಾ ದೂರ ಹೋಗ್ಬೇಕಾಯ್ತು, ಗುಡ್ಡದ ಮೇಲಿನ ಬಯಲಿಗೆ. ಒಂದಿನ ಹೋದವನು ಬರೋ ಹೊತ್ತಿಗೆ ಹಿಮಗಾಳಿ ಎದ್ದಿತು. ಚಾಚಿದ ಕೈ ತನಗೇ ಕಾಣಲ್ಲ, ಅಂಥದು. ಅಂಥ ಹೊತ್ತಲ್ಲಿ ನಾವೇನ್ ಮಾಡ್ತೀವಿ? ಬಾಗಿಲಲ್ಲಿ ನಿಂತು ಹೆಸರು ಹಿಡಿದು ಕೂಗ್ತಾನೇ ಇರ್ತೀವಿ, ಆ ದನಿ ಹಿಡ್ಕೊಂಡು ಬರ್ತಾರೆ. ಸಿಗ್ಗಾ ನಿಂತು ಕೂಗಿದ್ಲು, 'ಒವ್ಲಾ...! ಒವ್ಲಾ...!'

"ಗೋಡೆ ಪಕ್ಕದಲ್ಲೇ, 'ಹಾ...' ಅಂತು.

"'ಬಂದ!' ಅಂದ್ಲು ಸಿಗ್ಗಾ. ಕೂಗೋದು ನಿಲ್ಲಿಸಿ ಒಳಗೆ ಬಂದು ಕೈ ಕಾಯಿಸ್ಕೊಂಡ್ಲು. 'ಹಲಗೆ ಬಿಚ್ತಿದಾನೆ, ಬಡಿಸೇ' ಅಂದ್ಲು. ಎಷ್ಟು ಹೊತ್ತಾದ್ರೂ ಬರಲಿಲ್ಲ. ಮತ್ತೆ ಹೋಗಿ ಕೂಗಿದ್ಲು. ಮತ್ತೆ ಗೋಡೆ ಹತ್ರ, 'ಹಾ...' ಮತ್ತೆ ಒಳಗೆ ಬಂದ್ಲು. 'ಏನು ಆಟ ಇದು ಇವನದು!' ಅಂತ ಬೈದ್ಲು. ಹಿಂಗೇ ಏಳೆಂಟು ಸಲ. ಒಂದೊಂದು ಸಲ ಓಗೊಟ್ಟಾಗ್ಲೂ ಅವಳು ಕೂಗು ನಿಲ್ಲಿಸೋಳು. ಒಂದೊಂದು ಸಲ ನಿಲ್ಲಿಸಿದಾಗ್ಲೂ ಹೊರಗಿದ್ದೋನು ದಾರಿ ಕಳ್ಕೊಳ್ಳೋನು...

"ಬೆಂಕಿ ಹತ್ರ ಕೂತಿದ್ದ ಹುಡುಗಿಗೆ ಆ ದನಿ ಗೊತ್ತಾಗಲಿಲ್ವಾ? ಗೊತ್ತಾಯ್ತು. ಅಂಗಿ ನೆನೀತು. ಒಂದೇ ಒಂದು ಮಾತು ಸಾಕಿತ್ತು. 'ಹೆಸರು ಹಿಡೀಬೇಡಿ ಅಮ್ಮಾ, ಸುಮ್ನೆ ಮಗಾ ಅಂತ ಕೂಗಿ, ಇಲ್ಲ ತಪ್ಪಲೆ ಬಡೀರಿ' ಅಂದಿದ್ರೆ ಅವನು ಬದುಕೋನು. ಅನ್ನಲಿಲ್ಲ. ಸೌಟು ತಿರುವ್ತಾನೇ ಇದ್ದೆ. ಸಾರು ತಳ ಹಿಡೀಬಾರದು ಅಂತ ತಿರುವ್ತಾನೇ ಇದ್ದೆ."

ಅಜ್ಜಿ ಹೇಳಿದ್ದೇನೆಂದು ಮಾರ್ಯಾಳಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು.

"ಬೆಳಿಗ್ಗೆ ಗಾಳಿ ನಿಂತ್ಮೇಲೆ ಸಿಕ್ಕಿದ. ಕೊಟ್ಟಿಗೆಯಿಂದ ಮೂವತ್ತು ಹೆಜ್ಜೆ. ಮನೆ ಸುತ್ತಾನೇ ಸುತ್ತಿ ಸುತ್ತಿ ಹಿಮದಲ್ಲಿ ದಾರಿ ಮಾಡಿದ್ದ. ಸಿಗ್ಗಾ ಆಮೇಲೂ ಬಾಗಿಲಲ್ಲಿ ನಿಂತು ಅವನನ್ನ ಕರೀತಿದ್ಲು, ದುಃಖಕ್ಕೆ. ಕರೆದಾಗೆಲ್ಲ ಪಕ್ಕದಲ್ಲೇ ಓಗೊಡೋದು. ಬೇಸಿಗೆ ಬರೋಷ್ಟರಲ್ಲಿ ಬುದ್ಧಿ ಕೆಟ್ಟು ಹೊಳೆಗೆ ಬಿದ್ಲು. ನನಗೆ ಅಳು ಬರಲಿಲ್ಲ. ಈಗ್ಲೂ ಬರಲ್ಲ."

"ಆಮೇಲೆ... ಆ ಕೂಸು?" ಮಾರ್ಯಾ ಕೇಳಿದಳು. ಅವಳ ಎರಡೂ ಕೈ ಹೊಟ್ಟೆಯ ಮೇಲಿದ್ದವು.

"ಅದೇನು ಹಾಗೆ ಕೇಳ್ತೀಯ? ಹೆತ್ತೋಳು ಎಲ್ಲಿದ್ರೆ ಮಗನೂ ಅಲ್ಲೇ. ಸಿಗ್ಗಾ ಮನೆ ಬಿಟ್ಟು ನಾನು ಈ ಗುಡಿಸಲಿಗೆ ಬಂದಾಗ ಜೊತೇಲೇ ಬಂದ. ಪಾಪ, ಯಾರು ಆ ಹೆಸರು ಹಿಡಿದು ಕರೆದ್ರೂ ತನ್ನನ್ನೇ ಅಂದ್ಕೊಂಡು ಓಡಿಬರ್ತಾನೆ, ಅವನದೇನು ತಪ್ಪು? ಅದಕ್ಕೇ ಈ ದಂಡೆ ಮೇಲೆ ಆ ಹೆಸರು ಬೇಡ ಅಂತ ನಿಮ್ಮತ್ತೆ ನಿನ್ನ ಬಾಯಿ ಮುಚ್ಚೋಕೆ ಬಂದಿದ್ದು. ನಿನಗೇನು, ಇಡೋ ಹಾಗಿದ್ರೆ ಇಡಮ್ಮಾ. ಕರೆದಾಗ ಯಾರು ಬಂದು ಮಡಿಲು ಹತ್ತುತ್ತಾರೋ ನೋಡ್ಕೊಳ್ಳೋಳು ನೀನು."

ಅಜ್ಜಿ ಬಾಗಿಲ ಕಡೆಗೆ ತಿರುಗಿ ಕೂತಳು. ಮುದಿಮುಖ ಮೆತ್ತಗಾಗಿತ್ತು.

"ನಂಬಿಕೆ ಇಲ್ವಾ? ಈಗ್ಲೇ ಒಂದ್ಸಲ ಕರೀಲಾ?"