ಪರದೆಯ ಹಿಂಬದಿಯ ಜಾಗ

ಇಂದು ಎರಡು ಸಾವಿರದ ಇಪ್ಪತ್ತೈದನೆಯ ಇಸವಿಯ ಡಿಸೆಂಬರ್ ಹದಿನಾಲ್ಕು, ಭಾನುವಾರ. ಕೆಂಗುಡ್ಡ ಕ್ಯಾಂಪಿನ ನಮ್ಮ ಸಮುದಾಯ ಭವನದಲ್ಲಿ ಬರುವ ಶನಿವಾರದಿಂದ ಆರಂಭವಾಗಲಿರುವ ಚಲನಚಿತ್ರ ಪ್ರದರ್ಶನಗಳ ಮತ್ತು ರಂಗ ಕಾರ್ಯಕ್ರಮಗಳ ವಿವರವನ್ನು ತಮ್ಮೆದುರು ಪ್ರಕಟಿಸುವುದು ನನಗೆ ಒಪ್ಪಿಸಿರುವ ಕೆಲಸ. ಅಷ್ಟಕ್ಕಾಗಿ ಮಾತ್ರ ನಾನು ಈ ಮೈಕಿನ ಮುಂದೆ ನಿಂತಿದ್ದೇನೆ.

ಭವನ ಸಮಿತಿಯ ಅಧ್ಯಕ್ಷರೂ ಇಂದಿನ ಸಭೆಯ ಅಧ್ಯಕ್ಷರೂ ಆದ ಶ್ರೀ ಗುಡ್ಡಪ್ಪನವರೇ, ಕಾರ್ಯದರ್ಶಿಗಳಾದ ಶ್ರೀ ಜಂಬುನಾಥ ಅವರೇ, ಹೊಸಪೇಟೆಯಿಂದ ತಮ್ಮ ಪ್ರೊಜೆಕ್ಟರನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಬಂದಿರುವ ಮುಖ್ಯ ಅತಿಥಿ ಶ್ರೀ ಕನಕರಾಜ್ ಅವರೇ, ಮುಂದಿನ ಕುರ್ಚಿಗಳಲ್ಲಿರುವ ಊರ ಹಿರಿಯರೇ, ಹಿಂದಿನ ಗೋಡೆಗೆ ಒರಗಿ ನಿಂತಿರುವ ನಮ್ಮ ಕಾಲೊನಿಯ ತಾಯಂದಿರೇ, ಅಣ್ಣಂದಿರೇ, ಸಮಸ್ತ ಸಭಿಕರೇ.

ಮೊದಲಿಗೆ ಒಂದು ತಿದ್ದುಪಡಿ. ನಿರೂಪಕರು ನನ್ನನ್ನು ಪರಿಚಯಿಸುತ್ತ "ಕಾಲೊನಿಯ ಹೆಣ್ಣುಮಕ್ಕಳಲ್ಲೇ ಮೊದಲಿಗಳು ನಮ್ಮ ಪಲ್ಲವಿ" ಎಂದರು. ಅವರ ಪ್ರೀತಿಗೆ ವಂದನೆ. ಆದರೆ ಭೌತಶಾಸ್ತ್ರದ ಎಂ.ಎಸ್ಸಿ.ಯಲ್ಲಿ ನಾನು ಮೊದಲಿಗಳಾದದ್ದು ಇಡೀ ವಿಶ್ವವಿದ್ಯಾಲಯಕ್ಕೆ. ಆ ಪರೀಕ್ಷೆಯನ್ನು ಗಂಡುಮಕ್ಕಳೂ ಬರೆದಿದ್ದರು. ನಗಬಹುದು, ಅಡ್ಡಿಯಿಲ್ಲ. ಅಂಕಪಟ್ಟಿಯಲ್ಲಿ ವಿನಯಕ್ಕೆಂದು ಬೇರೆ ಅಂಕ ಇಟ್ಟಿದ್ದರೆ ಅದರಲ್ಲೂ ಪ್ರಯತ್ನಿಸುತ್ತಿದ್ದೆ.

ಫಲಿತಾಂಶ ಬಂದ ವಾರ ಅಧ್ಯಕ್ಷರು ಯಶವಂತನಗರದ ಕ್ರಾಸಿನಲ್ಲಿ ನನ್ನ ಫೋಟೊ ಇರುವ ಫ್ಲೆಕ್ಸ್ ಹಾಕಿಸಿದರು. ಅದರಲ್ಲಿ ನಾನು ಆರಡಿ ಎತ್ತರ ಇದ್ದೆ, ಅಧ್ಯಕ್ಷರು ಏಳಡಿ. ನಮ್ಮ ಅಪ್ಪ ಹುಲುಗಪ್ಪ, ಅಧ್ಯಕ್ಷರದೇ ಟಿಪ್ಪರ್ ಓಡಿಸುವವರು. ಆ ಕ್ರಾಸಿನಲ್ಲಿ ಗಾಡಿಯ ವೇಗ ತಗ್ಗಿಸಿ, ಗಾಜಿನ ಧೂಳನ್ನು ಟವೆಲ್ಲಿನಲ್ಲಿ ಒರೆಸಿ, ಮಗಳ ಮುಖ ನೋಡಿಕೊಂಡು ಮುಂದೆ ಹೋಗುತ್ತಿದ್ದರಂತೆ. ಹಿಂದಿನ ಲಾರಿಗಳವರು ಹಾರ್ನ್ ಹೊಡೆದು ಬೈಯುತ್ತಿದ್ದರಂತೆ. ಅಪ್ಪ ಈಗ ಬಾಗಿಲ ಬಳಿ ನಿಂತಿದ್ದಾರೆ. ಅವರು ನನ್ನನ್ನು ನೋಡುತ್ತಿಲ್ಲ, ಅಧ್ಯಕ್ಷರನ್ನು ನೋಡುತ್ತಿದ್ದಾರೆ.

ಇರಲಿ. ವಿಷಯಕ್ಕೆ ಬರುತ್ತೇನೆ. ನಾನು ಪ್ರಕಟಿಸಬೇಕಾದವುಗಳಲ್ಲಿ ಕೊನೆಯದು ಆಸನ ವ್ಯವಸ್ಥೆ. ಭವನದ ಹಿಂದಿನ ಬಯಲಿನಲ್ಲಿ ಪರದೆ ಕಟ್ಟಿದಾಗ ಯಾರು ಅದರ ಮುಂದೆ ಕೂರಬೇಕು, ಯಾರು ಅದರ ಹಿಂದೆ ಕೂರಬೇಕು ಎಂಬುದು. ವೇದಿಕೆಯ ಮೆಟ್ಟಿಲು ಹತ್ತುವಾಗ ಅಧ್ಯಕ್ಷರು ಅದನ್ನು ನೆನಪಿಸಿದರು. ಕುರ್ಚಿಯಲ್ಲಿ ಕುಳಿತ ಮೇಲೆ ಮತ್ತೊಮ್ಮೆ ನೆನಪಿಸಿದರು. ನೆನಪಿನ ಶಕ್ತಿಯ ವಿಷಯದಲ್ಲಿ ನನ್ನ ಬಗ್ಗೆ ಯಾರಿಗೂ ಚಿಂತೆ ಬೇಡ.

ಡಿಸೆಂಬರ್ ಇಪ್ಪತ್ತು, ಶನಿವಾರ ಸಂಜೆ, ಮಕ್ಕಳ ಚಲನಚಿತ್ರ. ಡಿಸೆಂಬರ್ ಇಪ್ಪತ್ತೇಳು, ಕಪ್ಪುಬಿಳುಪಿನ ಹಳೆಯ ಪೌರಾಣಿಕ ಚಿತ್ರ. ಇದು ಅಧ್ಯಕ್ಷರ ಆಯ್ಕೆ. ಕಾದಾಟಗಳು ಬಹಳ ಇವೆ ಎಂದು ಅವರೇ ಭರವಸೆ ನೀಡಿದ್ದಾರೆ. ಜನವರಿ ಮೂರರಂದು ಕಂಪ್ಲಿಯ ಮೇಳದವರ ಬಯಲಾಟ. ಜನವರಿ ಹತ್ತರಂದು ನಮ್ಮ ಕಾಲೊನಿಯ ಹೆಣ್ಣುಮಕ್ಕಳಿಂದ ಅದಿರು ಕುಟ್ಟುವ ಹಾಡುಗಳು. ಮುಂದಾಳು, ಶ್ರೀಮತಿ ಪಂಪಾವತಿ. ನನ್ನ ತಾಯಿ.

ಗುಡ್ಡಕ್ಕೆ ಯಂತ್ರಗಳು ಬರುವ ಮೊದಲು ಅದಿರನ್ನು ಒಡೆಯುತ್ತಿದ್ದವರು ಹೆಂಗಸರು ಎಂಬುದು ಇಲ್ಲಿರುವ ಹಿರಿಯರಿಗೆ ಗೊತ್ತು. ನನ್ನ ಅಜ್ಜಿ ಹೊನ್ನೂರಮ್ಮ ಅವರಲ್ಲಿ ಒಬ್ಬರು. ಸುತ್ತಿಗೆಯ ಏಟಿಗೆ ಸರಿಯಾಗಿ ಹಾಡು, ಹಾಡಿಗೆ ಸರಿಯಾಗಿ ಏಟು. ಉಸಿರೆಳೆದುಕೊಳ್ಳಲು ಹಾಡಿನಲ್ಲೇ ಜಾಗ ಬಿಟ್ಟಿರುತ್ತಾರೆ. ಈಗ ಅಜ್ಜಿಗೆ ಆ ಜಾಗ ಸಾಲುವುದಿಲ್ಲ. ಎದೆಯೊಳಗೆ ಕೆಮ್ಮು ಕೂತಿದೆ. ಆದುದರಿಂದ ತನ್ನ ಹಾಡುಗಳನ್ನೆಲ್ಲ ಸೊಸೆಯ ಬಾಯಿಗೆ ಹಾಕಿದ್ದಾಳೆ. ನಾಲ್ಕು ತಿಂಗಳಿಂದ ನಮ್ಮ ಮನೆಯಲ್ಲಿ ಬುದ್ಧನ ಪಟದ ಕೆಳಗೆ ದಿನಾ ಸಂಜೆ ತಾಲೀಮು. ಅಮ್ಮ ಒಂದು ಸಾಲು ತಪ್ಪಿದರೆ ಅಜ್ಜಿ ಬಿಡುವವಳಲ್ಲ. "ಯವ್ವಾ ಪಂಪಿ, ಅದಿರು ಕುಟ್ಟಾಕತ್ತೀಯೋ, ಬೆಳ್ಳುಳ್ಳಿ ಜಜ್ಜಾಕತ್ತೀಯೋ? ಕೈ ಎತ್ತು!" ಅಮ್ಮನೂ ಸುಮ್ಮನಿರುವವಳಲ್ಲ. "ಅತ್ತಿ, ನೀನ ಬಂದು ಎತ್ತು, ನಾ ಕುಂತು ಬೈತೀನಿ." ಇಬ್ಬರೂ ನಗುತ್ತಾರೆ, ಅಜ್ಜಿ ಕೆಮ್ಮುತ್ತಾಳೆ, ಮತ್ತೆ ಮೊದಲಿಂದ.

ಸಭಿಕರೇ, ನಾನು ವಿಷಯಾಂತರ ಮಾಡುತ್ತಿಲ್ಲ. ಪರದೆಯ ವಿಷಯಕ್ಕೇ ಬರುತ್ತಿದ್ದೇನೆ.

ಹಿಂದೆ ಇದೇ ಬಯಲಿನಲ್ಲಿ ಹಳೆಯ ಗಣಿ ಕಂಪನಿಯವರು ತಿಂಗಳಿಗೊಮ್ಮೆ ಸಿನಿಮಾ ತೋರಿಸುತ್ತಿದ್ದರು. ಎರಡು ಕಂಬಗಳ ನಡುವೆ ತೆಳ್ಳನೆಯ ಬಿಳಿ ಬಟ್ಟೆ. ಪ್ರೊಜೆಕ್ಟರ್ ಇರುವ ಕಡೆ ಸಾಹೇಬರು, ಗುಮಾಸ್ತರು, ಊರಿನವರು. ಬಟ್ಟೆಯ ಆ ಕಡೆ ಅದಿರು ಕುಟ್ಟುವವರು, ಅಂದರೆ ನಾವು. ಹಿಂದಿನಿಂದಲೂ ಚಿತ್ರ ಕಾಣುತ್ತದೆ, ಆದರೆ ಎಡಬಲ ಅದಲುಬದಲಾಗಿ. ನನ್ನ ಅಜ್ಜಿ ಎಷ್ಟೋ ವರ್ಷ ಸಿನಿಮಾದ ಜನ ಎಲ್ಲರೂ ಎಡಚರೆಂದೇ ತಿಳಿದಿದ್ದಳು. ರಾಜ ಕತ್ತಿ ಹಿಡಿಯುವುದು ಎಡಗೈಯಲ್ಲಿ, ರಾಣಿ ಆರತಿ ಎತ್ತುವುದೂ ಎಡಗೈಯಲ್ಲಿ. "ಅಷ್ಟು ದೊಡ್ಡ ಮನಿತನ, ಎಡಗೈಲೆ ಉಣ್ತಾರಲ್ಲ! ಅವರಿಗೆ ಹೇಳೋರು ಕೇಳೋರು ಯಾರೂ ಇಲ್ಲೇನು?" ಎಂದು ಪಕ್ಕದವಳನ್ನು ಕೇಳುತ್ತಿದ್ದಳಂತೆ. ನೀವು ನಕ್ಕಿರಿ. ನಾನೂ ಪ್ರತಿ ಸಲ ನಗುತ್ತೇನೆ.

ನಮ್ಮ ಅಪ್ಪ ಶಾಲೆಗೆ ಸೇರುವ ಮೊದಲು ಅಕ್ಷರ ನೋಡಿದ್ದು ಅದೇ ಪರದೆಯ ಮೇಲೆ. ಮೊದಲ ದಿನ ಮೇಷ್ಟ್ರು "ಯಾರಿಗೆ ಬರೀಲಿಕ್ಕೆ ಬರ್ತದೆ?" ಎಂದಾಗ ಕೈ ಎತ್ತಿದ ಒಬ್ಬನೇ ಹುಡುಗ ಅವರು. ಸಿನಿಮಾದ ಕೊನೆಯಲ್ಲಿ ಬರುವ ಪದವನ್ನು ತಾನು ಕಂಡಂತೆಯೇ ಬರೆದರು. ಇಡೀ ಪದ ಹಿಂದುಮುಂದು. ಮೇಷ್ಟ್ರು ಸ್ಲೇಟನ್ನು ತರಗತಿಗೆಲ್ಲ ತೋರಿಸಿ, "ನೋಡ್ರಲೇ, ಇವನ ತಲಿನೂ ಹಿಂಗ ತಿರುಗೇತಿ" ಎಂದರಂತೆ. ಆ ವರ್ಷ ಅಪ್ಪ ಮತ್ತೆ ಕೈ ಎತ್ತಲಿಲ್ಲ. ಇದು ನಾನು ಸಿದ್ಧಪಡಿಸಿದ ಭಾಷಣದಲ್ಲಿ ಇರಲಿಲ್ಲ. ಅಪ್ಪ, ಕ್ಷಮಿಸಬೇಕು.

ಕಾರ್ಯದರ್ಶಿಗಳು ಕೈಗಡಿಯಾರ ತೋರಿಸುತ್ತಿದ್ದಾರೆ. ಬೇಗ ಮುಗಿಸುತ್ತೇನೆ, ಸರ್.

ಗುರುವಾರ ಸಮಿತಿಯ ಸಭೆಗೆ ನನ್ನನ್ನೂ ಕರೆದಿದ್ದರು. ಅಧ್ಯಕ್ಷರು ನನಗೆ ತಮ್ಮ ಪಕ್ಕದಲ್ಲೇ ಕುರ್ಚಿ ಹಾಕಿಸಿ, ಟೀ ತರಿಸಿ, ವ್ಯವಸ್ಥೆಯನ್ನು ವಿವರಿಸಿದರು. "ನೋಡವ್ವಾ ಪಲ್ಲವಿ, ಬಯಲು ಸಣ್ಣದೈತಿ. ಪಾಸಿನೋರು ಈ ಕಡೆ, ಜನರಲ್ ಆ ಕಡೆ. ಮೊದಲು ಹಿಂಗ ಇತ್ತಲ್ಲ? ಹಿಂದ ಕುಂತೋರು ಭಾಳ ಖುಷಿಲೆ ನೋಡ್ತಿದ್ರು. ಇದರಾಗ ಜಾತಿ ಗೀತಿ ಏನಿಲ್ಲ ಮತ್ತ." ಜಾತಿಯ ಹೆಸರನ್ನು ನಾನು ಎತ್ತಿರಲಿಲ್ಲ. ಪಾಸುಗಳನ್ನು ಯಾವ ಯಾವ ಮನೆಗಳಿಗೆ ಕೊಟ್ಟಿದ್ದೀರಿ ಎಂದಷ್ಟೇ ಕೇಳಿದೆ. ಊರಿನ ಎಲ್ಲ ಮನೆಗಳಿಗೂ ತಲುಪಿದ್ದವು. ಡಾಂಬರು ರಸ್ತೆ ದಾಟಿ ನಮ್ಮ ಕಾಲೊನಿಗೆ ಒಂದೂ ಬಂದಿರಲಿಲ್ಲ. ಕಾರ್ಯದರ್ಶಿಗಳು ನಕ್ಕು, "ನಿನಗ್ಯಾಕಮ್ಮ ಪಾಸು? ನಿನಗ ಸ್ಟೇಜ್ ಮ್ಯಾಲೆ ಕುರ್ಚಿನ ಐತಲ್ಲ" ಎಂದರು.

ಆಗ ನಾನು ಇನ್ನೊಂದು ಪ್ರಶ್ನೆ ಕೇಳಿದೆ. ಅದು ನನ್ನ ವಿಷಯಕ್ಕೆ ಸೇರಿದ್ದು. ಬೆಳಕು ತೆಳ್ಳನೆಯ ಬಟ್ಟೆಯನ್ನು ದಾಟುತ್ತದೆ. ಆದುದರಿಂದ ಸಿನಿಮಾವನ್ನು ಹಿಂದಿನಿಂದಲೂ ನೋಡಬಹುದು. ಆದರೆ ಬಯಲಾಟ ಆಡುವವರು ಪರದೆಯ ಮುಂದೆ ನಿಲ್ಲುತ್ತಾರೆ. ನನ್ನ ತಾಯಿ ಪರದೆಯ ಮುಂದೆ ನಿಂತು ಹಾಡುತ್ತಾಳೆ. ಜನವರಿ ಹತ್ತರಂದು ಹಿಂದೆ ಕುಳಿತವರಿಗೆ ಏನು ಕಾಣುತ್ತದೆ? ಸಿನಿಮಾ ಇಲ್ಲದ ದಿನವಾದರೂ ಪರದೆ ಬಿಚ್ಚಬಹುದಲ್ಲವೇ? ಬಿಚ್ಚಿ ಕಟ್ಟಿದರೆ ಬಟ್ಟೆ ಹಾಳಾಗುತ್ತದೆ ಎಂದರು ಸಮಿತಿಯವರು. ಹಾಗಾದರೆ ಆ ಒಂದು ದಿನ ಎಲ್ಲರೂ ಒಂದೇ ಕಡೆ ಕುಳಿತರಾಗದೇ ಎಂದು ಕೇಳಿದೆ.

ಅದಕ್ಕೆ ಅಧ್ಯಕ್ಷರು ನಿಜವಾದ ಸಮಾಧಾನದ ದನಿಯಲ್ಲಿ ಹೇಳಿದರು: "ಕೇಳಿಸ್ತದಲ್ಲವ್ವಾ. ಮೈಕ್ ಹಾಕಸ್ತೀವಿ. ಆ ಕಡಿಗೂ ಒಂದು ಬಾಕ್ಸ್ ಇಡಸ್ತೀನಿ, ನನ್ನ ಖರ್ಚಿನ್ಯಾಗ."

ಅವರು ಕೆಟ್ಟ ಮನುಷ್ಯರಲ್ಲ. ಇದನ್ನು ನಾನು ಸಭೆಯ ಮರ್ಯಾದೆಗಾಗಿ ಹೇಳುತ್ತಿಲ್ಲ. ಆ ಬಾಕ್ಸನ್ನು ಅವರು ಖಂಡಿತ ಇಡಿಸುತ್ತಾರೆ.

ಮನೆಗೆ ಹೋಗಿ ವಿಷಯ ತಿಳಿಸಿದೆ. ಅಜ್ಜಿ ಹೊಸ ಸೀರೆಗೆ ಫಾಲ್ ಹಚ್ಚಿಸಿಕೊಂಡು ಬಂದು ಕುಳಿತಿದ್ದಳು. ಹಸಿರು ಸೀರೆ, ಕೆಂಪು ಅಂಚು. ಸೊಸೆ ಹಾಡುವ ದಿನ ಉಡಬೇಕೆಂದು ತಾನೇ ಸಂಡೂರಿಗೆ ಹೋಗಿ ಆರಿಸಿದ್ದು. ನಾನು ಹೇಳಿದ್ದನ್ನೆಲ್ಲ ಕೇಳಿದಳು. ಅವಳಿಗೆ ಸಿಟ್ಟು ಬರಲಿಲ್ಲ. ಸಿಟ್ಟು ಬಂದಿದ್ದರೆ ನನಗೆ ಉತ್ತರಿಸಲು ಗೊತ್ತಿತ್ತು. "ಹಂಗಾದ್ರ ಹಳೀದ ಉಟ್ಟರಾತು ಬಿಡು. ಕತ್ತಲಾಗ ಹಿಂದ ಕುಂದ್ರಾಕ ಹೊಸದ್ಯಾಕ?" ಎಂದಳು. ಎದ್ದು ಸೀರೆಯನ್ನು ಟ್ರಂಕಿನಲ್ಲಿ ಇಟ್ಟಳು.

ಅಮ್ಮ ಅಂದಿನಿಂದ ತಾಲೀಮು ಮಾಡಿಲ್ಲ.

ಅಪ್ಪ ಇಂದು ಬೆಳಿಗ್ಗೆ ನನ್ನ ಎದುರು ಬಂದು ಕುಳಿತರು. ಮಾತು ಕಡಿಮೆ ಅವರದು. "ಎಲ್ಲಾರೂ ಒಂದ ಕಡೆ ಕುಂದ್ರಬೇಕು, ಖರೆ. ಆದರ ನೀ ಹೇಳಿದ್ರ ಆಗಂಗಿಲ್ಲ ಅದು. ಒಂದ ಮಾತು, ಓದಿ ಇಳದು ಬಾ. ನಾಳಿ ಬೆಳಿಗ್ಗಿ ನಾ ಅವರ ಮನಿ ಮುಂದ ಗಾಡಿ ಕೀ ಇಸಗೊಳ್ಳಾಕ ನಿಂದರಬೇಕು." ನಾನು ಆಗಲಿ ಎಂದೆ. ಹೌದು, ಆಗಲಿ ಎಂದೇ ಹೇಳಿ ಬಂದೆ.

ಮಾನ್ಯ ಅಧ್ಯಕ್ಷರೇ, ಇಷ್ಟೊತ್ತು ತಾವು ನನ್ನನ್ನು ತಡೆಯದೆ ಮಾತಾಡಲು ಬಿಟ್ಟದ್ದಕ್ಕೆ ನಾನು ಕೃತಜ್ಞಳು. ಬೇರೆ ಯಾವ ವೇದಿಕೆಯಲ್ಲಾದರೂ ಮೈಕಿನ ಸದ್ದು ಯಾವಾಗಲೋ ಅಡಗಿರುತ್ತಿತ್ತು.

ಕ್ಷಮಿಸಿ. ಕಾರ್ಯದರ್ಶಿಗಳು ಈಗ ಬಂದು ನನ್ನ ಮುಂದೆ ಏನನ್ನೋ ಇಟ್ಟು ಹೋದರು. ಸಭಿಕರಿಗೂ ಕಾಣಲಿ. ಪಾಸುಗಳು. ಎಲ್ಲ ದಿನಗಳಿಗೂ, ನಮ್ಮ ಮನೆಯ ಎಲ್ಲರಿಗೂ. ಅಜ್ಜಿಯ ಹೆಸರನ್ನು ಈಗಷ್ಟೇ ಪೆನ್ನಿನಲ್ಲಿ ಬರೆದಿದ್ದಾರೆ, ಮಸಿ ಹಸಿಯಾಗಿದೆ. ಮುಂದಿನ ಸಾಲು. ಅಲ್ಲಿಂದ ಅಮ್ಮನ ಕೈ ಎಷ್ಟು ಎತ್ತರಕ್ಕೆ ಏಳುತ್ತದೆ ಎಂಬುದು ಕೂಡ ಸ್ಪಷ್ಟವಾಗಿ ಕಾಣುತ್ತದೆ.

ಅಜ್ಜಿ ಅದೋ ಅಲ್ಲಿದ್ದಾಳೆ, ಕಿಟಕಿಯ ಪಕ್ಕ. ಅವಳ ಎಡಕ್ಕೆ ಅವಳೊಂದಿಗೆ ಒಂದೇ ರಾಶಿಯ ಅದಿರು ಒಡೆದವರು ನಿಂತಿದ್ದಾರೆ. ಆ ಹಾಡುಗಳಲ್ಲಿ ಒಬ್ಬರು ಎತ್ತಿಕೊಟ್ಟ ಸಾಲನ್ನು ಇನ್ನೊಬ್ಬರು ಹಿಡಿಯಬೇಕು. ಒಬ್ಬಳೇ ಹಾಡುವ ಹಾಡು ಅವುಗಳಲ್ಲಿ ಒಂದೂ ಇಲ್ಲ. ಅಜ್ಜಿ ಮುಂದೆ ಕುಳಿತು ನೋಡುತ್ತಾಳೆ, ಅವಳ ಸಾಲನ್ನು ಹಿಡಿಯುತ್ತಿದ್ದವರು ಬಟ್ಟೆಯ ಹಿಂದೆ ಕುಳಿತು ಕೇಳುತ್ತಾರೆ. ಹಾಗಾದರೆ ಅವಳು ಆ ಸೀರೆ ಉಡುತ್ತಾಳೆಯೇ? ನನಗೆ ಗೊತ್ತಿಲ್ಲ. ಅವಳು ನನ್ನತ್ತ ಕೈ ಮಾಡಿ ಏನೋ ಹೇಳುತ್ತಿದ್ದಾಳೆ. ಇಷ್ಟು ದೂರದಿಂದ ತಿಳಿಯುತ್ತಿಲ್ಲ. ಬಾ ಎನ್ನುತ್ತಿರಬಹುದು, ಸಾಕು ಎನ್ನುತ್ತಿರಬಹುದು.

ನನ್ನ ಕೆಲಸ ಬಹುಮಟ್ಟಿಗೆ ಮುಗಿಯಿತು. ಕಾರ್ಯಕ್ರಮಗಳು ಪ್ರತಿ ಶನಿವಾರ ಸಂಜೆ ಏಳಕ್ಕೆ ಸರಿಯಾಗಿ ಆರಂಭ. ಚಳಿ ಇದೆ, ಮಕ್ಕಳಿಗೆ ಸ್ವೆಟರ್ ಹಾಕಿಸಿಕೊಂಡು ಬನ್ನಿ. ಪ್ರೊಜೆಕ್ಟರ್ ಕೊಡುತ್ತಿರುವ ಕನಕರಾಜ್ ಅವರಿಗೆ, ಭವನಕ್ಕೆ ಸುಣ್ಣಬಣ್ಣ ಮಾಡಿದ ಯುವಕರಿಗೆ, ನನಗೆ ಈ ವೇದಿಕೆಯನ್ನೂ ಆ ಫ್ಲೆಕ್ಸನ್ನೂ ಕೊಟ್ಟ ಅಧ್ಯಕ್ಷರಿಗೆ, ನಿಂತುಕೊಂಡೇ ಇಷ್ಟೂ ಕೇಳಿದ ನಮ್ಮವರಿಗೆ ಕೃತಜ್ಞತೆಗಳನ್ನು ಸಲ್ಲಿಸುತ್ತೇನೆ. ಪಾಸುಗಳನ್ನು ಮೇಜಿನ ಮೇಲೆ ಇಟ್ಟಲ್ಲೇ ಬಿಟ್ಟಿದ್ದೇನೆ. ಎಲ್ಲರಿಗೂ ನನ್ನ ನಮಸ್ಕಾರ.

ಇಲ್ಲ ಅಧ್ಯಕ್ಷರೇ, ಮರೆತಿಲ್ಲ. ಆ ಪ್ರಕಟಣೆಯನ್ನು ನಾನು ಓದುವುದಿಲ್ಲ.