ಬೇಲಿಯ ಮೆಷಿನ್ ಕೆಟ್ಟು ಹದಿಮೂರು ದಿನ

ನನ್ನ ಹೆಸರು ಮಾದಸ್ವಾಮಿ ಬಿನ್ ಲೇಟ್ ಪುಟ್ಟಸಿದ್ದಯ್ಯ, ವಯಸ್ಸು 54 ವರ್ಷ, ಕೆಲಸ ವ್ಯವಸಾಯ, ವಾಸ ಕೆರೆಮಾಳ ಗ್ರಾಮದ ಜಮೀನಿನ ಮನೆ, ಯಳಂದೂರು ತಾಲ್ಲೂಕು. ಈ ದಿನ ದಿನಾಂಕ 05-08-2025ರಂದು ಬೆಳಿಗ್ಗೆ 10.30ಕ್ಕೆ ಯಾರೂ ಕರೆಯದೆ ನಾನಾಗಿಯೇ ಠಾಣೆಗೆ ಬಂದು, ನನ್ನ ಹೆಂಡತಿ ಪುಟ್ಟಗೌರಮ್ಮ, 48 ವರ್ಷ, ತೀರಿಹೋದ ಬಗ್ಗೆ ಹೇಳಿ ಬರೆಸುವುದೇನೆಂದರೆ,

ನಮಗೆ ಬೆಟ್ಟದ ಕೆಳಗೆ ಒಂದು ಎಕರೆ ಮೂವತ್ತು ಗುಂಟೆ ಜಮೀನಿದೆ. ಕಾಡಿನ ಅಂಚಿನಲ್ಲಿ ಆನೆ ತಡೆಯಲು ತೋಡಿದ ಟ್ರೆಂಚ್ ನಮ್ಮ ಬದುವಿನಿಂದ 200 ಅಡಿ ದೂರ. ಆನೆ, ಹಂದಿಗಳ ಕಾಟಕ್ಕೆ ಸುತ್ತ ಸೋಲಾರ್ ತಂತಿ ಬೇಲಿ ಹಾಕಿಸಿದ್ದೆವು. ತಂತಿಗೆ ಶಾಕ್ ಕೊಡುವ ಮೆಷಿನ್ನನ್ನು ದಿನಾಂಕ 13-07-2024ರಂದು ಕೊಳ್ಳೇಗಾಲದ ಶಾಂತಮೂರ್ತಿಯವರ ಅಂಗಡಿಯಲ್ಲಿ ಕೊಂಡೆ. ಒಂದು ವರ್ಷ ವಾರಂಟಿ ಎಂದಿದ್ದರು. ಆಷಾಢದಲ್ಲಿ ಹೊಸದನ್ನು ಹೂಡುವುದು ಬೇಡವೆಂದು ಹೆಂಡತಿ ಹಟ ಹಿಡಿದಳು. ಬಾಕ್ಸನ್ನು ಬಿಚ್ಚದೆ ಅಟ್ಟದ ಮೇಲಿಟ್ಟು, ಶ್ರಾವಣದ ಮೊದಲ ಸೋಮವಾರ, 05-08-2024ರಂದು ಕಾಯಿ ಒಡೆದು ಕೂರಿಸಿದೆವು.

ದಿನಾಂಕ 22-07-2025ರ ಬೆಳಿಗ್ಗೆ ಎದ್ದು ನೋಡಿದಾಗ ಮೆಷಿನ್ ನಿಂತುಹೋಗಿತ್ತು. ಮಾರನೇ ದಿನ ಅಂಗಡಿಗೆ ಹೊತ್ತೊಯ್ದೆ. ಶಾಂತಮೂರ್ತಿಯವರು ಬಿಚ್ಚಿ ನೋಡಿ, ಬೋರ್ಡ್ ಸುಟ್ಟಿದೆ, ಆದರೆ ಕೆಡುವ ಹೊತ್ತಿಗೆ ವಾರಂಟಿ ಮುಗಿದು ಹತ್ತು ದಿನವಾಗಿತ್ತು ಎಂದರು. ನಾವು ಬಳಸಿದ ಲೆಕ್ಕದಲ್ಲಿ ವರ್ಷ ತುಂಬಲು ಇನ್ನೂ ಎರಡು ವಾರವಿದೆ ಎಂದು ಆಷಾಢದ ವಿಷಯ ಹೇಳಿದೆ. ಕಂಪನಿಯವರಿಗೆ ಆಷಾಢವೂ ಇಲ್ಲ ಶ್ರಾವಣವೂ ಇಲ್ಲ, ಬಿಲ್ಲಿನ ತಾರೀಖೇ ತಾರೀಖು ಎಂದರು. ಆ ಮಾಡೆಲ್ ನಿಂತುಹೋಗಿದೆ, ಬೋರ್ಡ್ ಸಿಗುವುದಿಲ್ಲ, ಹೊಸದು ತೆಗೆದುಕೊಳ್ಳಿ ಎಂದರು. ಅವರ ಮೇಜಿನ ಕೆಳಗೆ ಅದೇ ಹಳದಿ ಬಣ್ಣದ ಮೆಷಿನ್ ಇನ್ನೂ ನಾಲ್ಕು ಬಿದ್ದಿದ್ದವು. ನಾಲ್ಕೂ ಒಂದೇ ಜಾಗದಲ್ಲಿ ಸುಟ್ಟು ಕರಕಲಾಗಿದ್ದವು. ನಾನು ಫೋನಿನಲ್ಲಿ ಫೋಟೋ ತೆಗೆದುಕೊಂಡೆ. ಕಂಪನಿಯ ನಂಬರಿಗೆ ಆರು ಸಲ ಫೋನ್ ಮಾಡಿದೆ. ಆರು ಸಲವೂ ಬಿಲ್ಲಿನ ತಾರೀಖು ಕೇಳಿ, ಸಾರಿ ಸರ್ ಎಂದು ಇಟ್ಟರು.

ಬೇಲಿ ಸುಮ್ಮನಿದ್ದ ಆ ದಿನಗಳಲ್ಲಿ ನನ್ನ ಹೆಂಡತಿ ಮನೆಯ ಹಿಂದಿನ ತಂತಿಯ ಮೇಲೆ ಬಟ್ಟೆ ಒಣಗಿಹಾಕಲು ಶುರುಮಾಡಿದಳು. ಆನೆಗಳಿಗೆ ಸೀರೆ ಅಂಗಡಿ ಇಟ್ಟಿದ್ದೀಯಾ ಎಂದು ನಾನೇ ರೇಗಿಸಿದ್ದೆ. "ಕೆಲ್ಸಕ್ ಬರ್ದ ತಂತಿ, ಬಟ್ಟೆಗಾದ್ರೂ ಆಗ್ಲಿ ಬುಡಿ" ಎಂದಿದ್ದಳು.

ದಿನಾಂಕ 31-07-2025ರ ಬೆಳಗಿನ ಜಾವ ಎರಡು ಆನೆ ನುಗ್ಗಿ, ಗೊನೆ ಬಿಟ್ಟಿದ್ದ ಬಾಳೆಯನ್ನು ಮುರಿದು ಹಾಕಿದವು. ಹೆಂಡತಿ ಅದರ ಮುಂದೆ ಕೂತು ಅತ್ತಳು. ನನಗೆ ತಡೆಯಲಾಗಲಿಲ್ಲ. ದಿನಾಂಕ 03-08-2025ರ ಭಾನುವಾರ ಸಂಜೆ 6.45ಕ್ಕೆ ಮನೆಯ ಕರೆಂಟನ್ನೇ ನೇರವಾಗಿ ಬೇಲಿಗೆ ಕೊಟ್ಟೆ. ಇದು ತಪ್ಪೆಂದು ನನಗೆ ಗೊತ್ತಿತ್ತು. ಬೆಳಕು ಹರಿಯುತ್ತಲೇ ತೆಗೆದರಾಯಿತು ಎಂದುಕೊಂಡೆ. ಹೆಂಡತಿಗೆ ಹೇಳಲಿಲ್ಲ. ಹೇಳಿದ್ದರೆ ಬೈದು ತೆಗೆಸುತ್ತಿದ್ದಳು. ಆ ಬೈಗುಳಕ್ಕೆ ಹೆದರಿ ಬಾಯಿ ಮುಚ್ಚಿಕೊಂಡೆ.

ಮಾರನೇ ದಿನ, 04-08-2025ರ ಸೋಮವಾರ, ನಾನು ಚಾಮರಾಜನಗರದ ಗ್ರಾಹಕರ ಆಯೋಗದ ಕಚೇರಿಗೆ ಹೊರಟಿದ್ದೆ. ಅಲ್ಲಿ ಕೇಳಿ ನೋಡಿ ಎಂದು ಹೆಂಡತಿಯ ತಮ್ಮ ನಾಗರಾಜು ಹೇಳಿದ್ದ. 6.20ಕ್ಕೆ ಬಸ್ಸು. ಹೊರಡುವಾಗ ಬಿಲ್ಲು ಕಾಣಲಿಲ್ಲ. ಇಬ್ಬರೂ ಅರ್ಧ ಗಂಟೆ ಹುಡುಕಿದೆವು. 6.10ಕ್ಕೆ ಹೆಂಡತಿ ರೇಷನ್ ಕಾರ್ಡಿನ ಕವರಿನಿಂದ ಅದನ್ನು ತೆಗೆದು ನನ್ನ ಜೇಬಿಗೆ ತುರುಕಿ, ಬೇಗ ಓಡಿ ಎಂದಳು. ಬಸ್ಸು ನಿಲ್ಲುವ ಜಾಗ ಮನೆಯಿಂದ 700 ಮೀಟರ್. ಓಡಿದೆ. ವೈರ್ ತೆಗೆಯುವುದನ್ನು ಮರೆತೆ. ಬಸ್ಸಿನಲ್ಲಿಯೂ ನೆನಪಾಗಲಿಲ್ಲ.

10.40ಕ್ಕೆ ಕಚೇರಿಯಲ್ಲಿ ಒಬ್ಬ ಮೇಡಂ ನನ್ನ ಬಿಲ್ಲನ್ನೂ ನಾಲ್ಕು ಮೆಷಿನ್ನುಗಳ ಫೋಟೋವನ್ನೂ ನೋಡಿದರು. ತಯಾರು ಮಾಡುವಾಗಲೇ ದೋಷವಿದ್ದರೆ ವಾರಂಟಿ ಮುಗಿದಿದ್ದರೂ ದೂರು ಕೊಡಬಹುದು, ಎರಡು ವರ್ಷದವರೆಗೆ ಅವಕಾಶವಿದೆ, ವಕೀಲರೂ ಬೇಕಿಲ್ಲ ಎಂದು ತಿಳಿಸಿದರು. ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಹೆಂಡತಿಗೆ ಹೇಳೋಣವೆಂದು ಅಲ್ಲಿಂದಲೇ 11.05ಕ್ಕೆ ಫೋನ್ ಮಾಡಿದೆ. ಎತ್ತಲಿಲ್ಲ. ಎರಡನೇ ಸಲ ಮಾಡಿದಾಗ ನಾಗರಾಜು ಎತ್ತಿದ.

"ಬಾವ, ಬೇಲಿಗ್ ಲೈನ್ ಕೊಟ್ಟಿದ್ರಾ?" ಎಂದು ಕೇಳಿದ.

ಬೆಳಿಗ್ಗೆ 8.40ಕ್ಕೆ ಅವಳು ಒಗೆದ ಸೀರೆಯನ್ನು ತಂತಿಯ ಮೇಲೆ ಹರವಲು ಹೋಗಿದ್ದಾಳೆ. ಪಕ್ಕದ ಜಮೀನಿನ ರೂಪ ನೋಡಿ, ಓಡಿಬಂದು ಫ್ಯೂಸ್ ಕಿತ್ತಿದ್ದಾಳೆ. 9.25ಕ್ಕೆ ಆಸ್ಪತ್ರೆ ಮುಟ್ಟಿದಾಗ ಜೀವ ಇರಲಿಲ್ಲವಂತೆ. ನನಗೆ ತಿಳಿಸಲು ಯಾರಿಗೂ ಧೈರ್ಯ ಬಂದಿರಲಿಲ್ಲ. ನಾನು ಕಚೇರಿಯ ಬೆಂಚಿನ ಮೇಲೆ ಖುಷಿಯಾಗಿ ಕೂತಿದ್ದಾಗ ಅವಳು ಹೋಗಿ ಒಂದೂವರೆ ಗಂಟೆಗೂ ಮೇಲಾಗಿತ್ತು.

ನಿನ್ನೆ ಪೋಸ್ಟ್ ಮಾರ್ಟಂ ಮುಗಿದು, ಸಂಜೆ ಮಣ್ಣು ಮಾಡಿ ಬಂದ ಮೇಲೆ ನಾಗರಾಜು ನನ್ನ ಪಕ್ಕ ಕೂತು, ಮೆಷಿನ್ನಿನ ಶಾಕಿನಿಂದ ಹೀಗಾಯಿತೆಂದು ಬರೆಸಿಬಿಡಿ, ಕಂಪನಿಯವರ ತಪ್ಪು ಹೇಗೂ ಇದೆ, ಪರಿಹಾರವೂ ಬರುತ್ತದೆ, ನಿಮ್ಮ ಮೇಲೆ ಕೇಸೂ ಆಗುವುದಿಲ್ಲ ಎಂದ. "ಅಕ್ಕ ಅಂತೂ ಬರಕಿಲ್ಲ. ನೀವಾದ್ರೂ ಉಳ್ಕಳಿ ಬಾವ" ಎಂದು ಅತ್ತ. ನನ್ನ ಒಳ್ಳೆಯದಕ್ಕೇ ಹೇಳಿದ. ಅವನ ಮೇಲೆ ನನಗೆ ಬೇಸರವಿಲ್ಲ.

ಕಂಪನಿಯವರು ನನಗೆ ಮಾಡಿದ್ದು ಮೋಸವೇ. ಅದನ್ನು ಆಯೋಗದವರು ನೋಡಿಕೊಳ್ಳಲಿ. ಆದರೆ ಅವಳನ್ನು ಕೊಂದಿದ್ದು ಮೆಷಿನ್ ಎಂದು ನಾನು ಬರೆಸುವುದಿಲ್ಲ. ಹೋದ ವರ್ಷ ಅದು ಅವಳಿಗೆ ಎರಡು ಸಲ ಹೊಡೆದಿತ್ತು. ಎರಡು ಸಲವೂ ಕೈ ಕೊಡವಿಕೊಂಡು ಒಳಗೆ ಬಂದು ನನ್ನನ್ನು ಬೈದಿದ್ದಳು. ಮೆಷಿನ್ ಹೊಡೆದು ಬಿಟ್ಟುಬಿಡುತ್ತದೆ. ನಾನು ಕೊಟ್ಟ ಲೈನ್ ಬಿಡಲಿಲ್ಲ.

ಬರೆದುಕೊಂಡದ್ದನ್ನು ನನಗೆ ಓದಿ ಹೇಳಿದರು. ನಾನು ಹೇಳಿದಂತೆಯೇ ಇದೆ, ಎಲ್ಲವೂ ನಿಜ. ಯಾರ ಒತ್ತಾಯವೂ ಇಲ್ಲದೆ ಸಹಿ ಹಾಕಿದ್ದೇನೆ.

ಸ್ಥಳ: ಯಳಂದೂರು
ದಿನಾಂಕ: 05-08-2025
ಸಹಿ: ಮಾದಸ್ವಾಮಿ